ಐದು ಪಾರ್ಕು, ನಾಲ್ಕು ಅಡಿ

"ಇವತ್ತು ಐದಕ್ಕೆ ಐದೂ ಪಾರ್ಕು! ಸೂರ್ಯ ಮುಳುಗೋದ್ರೊಳಗೆ ಐದೂ ದೊಡ್ಡ ರೋಲರ್ ಕೋಸ್ಟರು! ಈ ಆರ್ಲ್ಯಾಂಡೊ ಊರಲ್ಲಿ ಇಲ್ಲಿವರೆಗೆ ಯಾವ ಅಪ್ಪನೂ ಮಾಡದ ಕೆಲಸ ಇದು!"

ಜೂನ್ ತಿಂಗಳ ಆ ಶುಕ್ರವಾರ, ಬೆಳಿಗ್ಗೆ ಆರು ಗಂಟೆಗೆ, ಲೀಲಂಡ್ ಫಸೆಲ್ ಹೀಗೆ ಘೋಷಿಸಿದಾಗ ಅವನ ಕೈಯಲ್ಲಿ ಟೇಪು, ಎದುರಿಗೆ ಗೋಡೆಗೆ ಆನಿಸಿ ನಿಲ್ಲಿಸಿದ ಏಳು ವರ್ಷದ ಮಗಳು ಮೇವಿಸ್, ಅವಳ ತಲೆಯ ಮೇಲೆ ರಸಮಟ್ಟ. ಎ.ಸಿ. ರಿಪೇರಿ ಮಾಡುವವನ ಮನೆಯಲ್ಲಿ ಮಕ್ಕಳ ಎತ್ತರವನ್ನೂ ರಸಮಟ್ಟ ಇಟ್ಟೇ ಅಳೆಯುತ್ತಾರೆ.

"ಭರ್ತಿ ನಾಲ್ಕಡಿ ಕಣೇ ಕೊರಿನ್! ಮೇಲೊಂದು ಕೂದಲೆಳೆಯಷ್ಟು ಲಾಭ!"

ಹೆಂಡತಿ ಕೊರಿನ್ ಹಲ್ಲುಜ್ಜುತ್ತಲೇ ಬಾಗಿಲಿಗೆ ಬಂದಳು. "ಒಂದು ಪಾರ್ಕಿಗೆ ಹೋಗಿ ಬಂದ್ರೆ ಎರಡು ದಿನ ಸೋಫಾ ಮೇಲೆ ಬಿದ್ದಿರ್ತೀಯ. ಐದಂತೆ, ಐದು!"

"ನಾಳೆಯಿಂದ ಊರಿನವರಿಗೆ ಕೊಡೋ ಅಗ್ಗದ ಪಾಸು ನಡೆಯಲ್ಲ. ಆಗಸ್ಟ್ ಮುಗಿಯೋವರೆಗೂ ಪರವೂರಿನವರದ್ದೇ ದರ್ಬಾರು. ಇವತ್ತು ಬಿಟ್ರೆ ಮಗು ಇನ್ನೆಷ್ಟು ದಿನ ಕಾಯ್ಬೇಕು?"

ಕೊರಿನ್ ಬಾಯಿ ತೊಳೆದು ಚೀಲ ತುಂಬತೊಡಗಿದಳು. ಹೋದ ವರ್ಷ ಮೇವಿಸ್‌ಳನ್ನು ಐದೂ ಪಾರ್ಕಿನ ಅಳತೆಗೋಲುಗಳು ಒಂದಾದ ಮೇಲೊಂದು ವಾಪಸು ಕಳಿಸಿದ್ದವು. ದೊಡ್ಡ ಕೋಸ್ಟರಿಗೆ ನಾಲ್ಕಡಿ ಬೇಕು, ಅದಕ್ಕಿಂತ ಒಂದು ನೂಲು ಕಡಿಮೆಯಾದರೂ ಪ್ರವೇಶವಿಲ್ಲ. ಐದನೆಯ ಬಾಗಿಲಲ್ಲಿ ಮಗು ಬಿಕ್ಕಿ ಬಿಕ್ಕಿ ಅತ್ತಾಗ ಲೀಲಂಡ್ ಮಂಡಿಯೂರಿ ಮಾತು ಕೊಟ್ಟಿದ್ದ: "ನೀನು ನಾಲ್ಕಡಿ ಮುಟ್ಟಿದ ದಿನ ಒಂದೇ ದಿನದಲ್ಲಿ ಐದೂ ಹತ್ತೋಣ. ಐದರಲ್ಲೂ ನಿನ್ನ ಪಕ್ಕದಲ್ಲಿ ನಾನು. ಇಬ್ಬರೂ ಎರಡೂ ಕೈ ಮೇಲೆತ್ತೋಣ." ಮೇವಿಸ್ ಆ ಮಾತನ್ನು ಒಂದು ವರ್ಷದಿಂದ ದಿನಾ ನೆನಪಿಸುತ್ತಿದ್ದಳು.

ಮೊದಲನೆಯ ಪಾರ್ಕು ಬೆಣ್ಣೆಯಂತೆ ಸಲೀಸಾಗಿ ಮುಗಿಯಿತು. ಬಾಗಿಲು ತೆರೆಯುವ ಮೊದಲೇ ಹಗ್ಗದ ಹಿಂದೆ ನಿಂತಿದ್ದರು. ನಾಲ್ಕಡಿ ಎತ್ತರಕ್ಕೆ ಅಡ್ಡ ಕಟ್ಟಿದ ಅಳತೆಗೋಲು ಮೇವಿಸ್‌ಳ ತಲೆಗೆ ಟಕ್ಕೆಂದು ತಗುಲಿತು. 'ಉಕ್ಕಿನ ಹೆಬ್ಬಾವು' ಎಂಬ ಕೋಸ್ಟರು ಅವರನ್ನು ಮೂರು ಸಲ ತಲೆಕೆಳಗೆ ಮಾಡಿ ಇಳಿಸಿತು. ಮೇವಿಸ್ ಕಿರುಚಿದ ರಭಸಕ್ಕೆ ಹಿಂದಿನ ಸಾಲಿನ ಅಜ್ಜನೊಬ್ಬ ಕಿವಿ ಮುಚ್ಚಿಕೊಂಡ. ಕೆಳಗೆ ಕೊರಿನ್ ಚೀಲಗಳನ್ನೆಲ್ಲ ಹೊತ್ತು ಕಾಯುತ್ತಿದ್ದಳು. ಅವಳಿಗೆ ಎತ್ತರವೆಂದರೆ ಆಗದು. ಸ್ಟೂಲು ಹತ್ತಿ ಬಲ್ಬು ಹಾಕುವಾಗಲೂ ಗಂಡನ ಹೆಗಲು ಹಿಡಿದುಕೊಳ್ಳುವವಳು.

ಎಡವಟ್ಟು ಶುರುವಾದದ್ದು ಎರಡನೆಯ ಪಾರ್ಕಿನಲ್ಲಿ. 'ಧೂಮಕೇತು'ವಿನ ಬಾಗಿಲಲ್ಲಿ ಕೋಲು ತಗುಲಿತೋ ಇಲ್ಲವೋ ಎಂದು ನೋಡಲು ಕಾವಲಿನ ಹುಡುಗಿ ಎರಡು ಸಲ ಬಗ್ಗಿದಳು. ಕೊನೆಗೆ, "ಹ್ಞೂಂ, ತಾಗಿದೆ ಅನ್ಸತ್ತೆ, ಹೋಗು ಬಂಗಾರ," ಎಂದಳು. ಅನ್ಸತ್ತೆ! ಕೋಸ್ಟರಿನ ಮೇಲೂ ಲೀಲಂಡ್‌ನ ತಲೆಯಲ್ಲಿ ಅದೇ ಮಾತು ಸುತ್ತಿತು.

"ಬೆಳಿಗ್ಗೆ ಕೂದಲೆಳೆ ಲಾಭ ಇತ್ತು. ಎಲ್ಲಿ ಹೋಯ್ತು?" ಎಂದು ಇಳಿದ ಮೇಲೆ ಹೆಂಡತಿಯನ್ನು ಕೇಳಿದ.

ಕೊರಿನ್ ವೃದ್ಧಾಶ್ರಮದಲ್ಲಿ ಹಿರಿಯರಿಗೆ ವ್ಯಾಯಾಮ ಮಾಡಿಸುವವಳು. ಬೆನ್ನುಮೂಳೆಯ ವಿಷಯ ಅವಳಿಗೆ ಬಾಯಿಪಾಠ. "ಕುಗ್ಗಿದ್ದಾಳೆ," ಎಂದಳು ತಣ್ಣಗೆ.

"ಕುಗ್ಗಿದ್ದಾಳಾ? ಏನು, ಒಗೆದ ಬನಿಯನ್ನಾ ಕುಗ್ಗೋಕೆ?"

"ಎಲ್ಲರೂ ಕುಗ್ತಾರೆ ಮಾರಾಯಾ. ರಾತ್ರಿ ಮಲಗಿದಾಗ ಮೂಳೆ ಮೂಳೆ ನಡುವಿನ ಗಾದಿ ಉಬ್ಬತ್ತೆ. ಹಗಲು ನಿಂತು, ನಡೆದು ಒತ್ತಿ ಹೋಗತ್ತೆ. ಸಂಜೆ ಹೊತ್ತಿಗೆ ಅರ್ಧ ಅಂಗುಲ ಹೋದ್ರೂ ಹೋಯ್ತು."

ಲೀಲಂಡ್ ತಲೆಯ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕುಸಿದ. ಅರ್ಧ ಅಂಗುಲ! ಇನ್ನೂ ಮೂರು ಪಾರ್ಕು ಬಾಕಿ! ಮಗಳು ಕಣ್ಣೆದುರೇ ಕರಗುತ್ತಿದ್ದಾಳೆ! ಟ್ರಾಫಿಕ್ಕು, ಬಿಸಿಲು, ಕ್ಯೂ, ಎಲ್ಲವನ್ನೂ ಲೆಕ್ಕ ಹಾಕಿ ಹೊರಟಿದ್ದ ಮಹಾವೀರನಿಗೆ ಬೆನ್ನುಮೂಳೆಯ ಜೊತೆ ಓಟದ ಪಂದ್ಯ ಇದೆಯೆಂದು ಯಾರೂ ಹೇಳಿರಲಿಲ್ಲ. ಆದರೆ ಕೊಟ್ಟ ಮಾತು ಕೊಟ್ಟ ಮಾತೇ. ಅವನು ಎದ್ದು ನಿಂತ.

"ಮೇವಿಸ್, ಇನ್ನು ಮೇಲೆ ನೀನು ನೆಲ ಮುಟ್ಟೋ ಹಾಗಿಲ್ಲ. ನಿಂತ್ರೆ ಸಣ್ಣ ಆಗ್ತೀಯ, ಗೊತ್ತಾಯ್ತಾ? ನಿಲ್ಲಬಾರದು, ನಡೀಬಾರದು. ಬಾ, ಎತ್ಕೋತೀನಿ!"

"ನನ್ನನ್ನ ಇಡೀ ದಿನ ಎತ್ಕೋತೀಯಾ ಅಪ್ಪಾ?" ಮೇವಿಸ್‌ಗೆ ಖುಷಿಯೋ ಖುಷಿ.

ಎತ್ತಿಕೊಂಡರೂ ಬೆನ್ನು ನೇರವಾಗಿ ಒತ್ತಬಾರದೆಂದು ಎರಡು ತೋಳಿನ ಮೇಲೆ ಅಡ್ಡಡ್ಡ ಮಲಗಿಸಿಕೊಂಡ. ಫ್ಲೋರಿಡಾದ ಜೂನ್ ಬಿಸಿಲಲ್ಲಿ ಇಪ್ಪತ್ತಮೂರು ಕಿಲೋ ಹೊತ್ತು ನಡೆಯುವುದು ಎಂಥ ತಪಸ್ಸು ಎಂಬುದು ಹೊತ್ತವನಿಗೇ ಗೊತ್ತು. ಮೂರನೆಯ ಪಾರ್ಕಿನ ಬಾಗಿಲು ದಾಟಿ ಹತ್ತು ಹೆಜ್ಜೆ ಹಾಕಿರಲಿಲ್ಲ, ಬಿಳಿ ಅಂಗಿಯ ಇಬ್ಬರು ಪ್ರಥಮ ಚಿಕಿತ್ಸೆಯವರು ಗಾಲಿಕುರ್ಚಿ ತಳ್ಳಿಕೊಂಡು ಓಡಿ ಬಂದರು.

"ಸರ್! ಮಗೂಗೆ ಏನಾಯ್ತು? ಕಾಲು ಉಳುಕ್ತಾ? ಜ್ಞಾನ ತಪ್ತಾ?"

"ಏನೂ ಆಗಿಲ್ಲ," ಎಂದ ಲೀಲಂಡ್ ಏದುಸಿರು ಬಿಡುತ್ತ, "ಕುಗ್ತಾ ಇದ್ದಾಳೆ."

ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಮೇವಿಸ್ ತೋಳಿನ ಮೇಲಿಂದಲೇ ಅವರಿಗೆ ಟಾಟಾ ಮಾಡಿದಳು. ಕೊರಿನ್ ಮಾತ್ರ ಇವರು ಯಾರೋ ತನಗೆ ಗೊತ್ತೇ ಇಲ್ಲವೆಂಬಂತೆ ಹೂಗಿಡಗಳನ್ನು ನೋಡುತ್ತ ಮುಂದೆ ಹೋದಳು.

ಇಷ್ಟೆಲ್ಲ ಮಾಡಿದರೂ 'ಕಡಲ್ಗಳ್ಳರ ಕೊಳ್ಳ'ದಲ್ಲಿ ಕೋಲಿಗೂ ತಲೆಗೂ ನಡುವೆ ಬೆಳಕು ಕಂಡಿತು. "ಸಾರಿ ಪುಟ್ಟಾ," ಎಂದ ಕಾವಲಿನವನು. ಮೇವಿಸ್‌ಳ ಕೆಳದುಟಿ ನಡುಗಿತು. ಆದರೆ ಸೋಲೊಪ್ಪುವ ಪೈಕಿಯೇ ಲೀಲಂಡ್? ನೆರಳಿನ ಬೆಂಚೊಂದರ ಮೇಲೆ ಮಗಳನ್ನು ಚಾಪೆ ಹಾಸಿದಂತೆ ಉದ್ದಕ್ಕೆ ಮಲಗಿಸಿದ. ಅವಳು ಏಳದಂತೆ ಪಕ್ಕದಲ್ಲಿ ಕುಳಿತು ಕಾವಲು ಕಾದ. ಬಲ ಬೇಕಲ್ಲ, ಹೊಗೆಯಾಡುವ ಟರ್ಕಿ ಕೋಳಿಯ ಒಂದು ಇಡೀ ಕಾಲು ತಿಂದ. ಮಲಗಿ ತಿಂದರೆ ಗಂಟಲಿಗೆ ಸಿಕ್ಕುತ್ತದೆಂದು ಮಗಳ ಪಾಲಿನ ಸಕ್ಕರೆ ಲೇಪದ ಕರಿದ ತಿಂಡಿ ಚುರೋಗಳನ್ನೂ ತಾನೇ ಮುಗಿಸಿದ. ಮೂವತ್ತೈದು ನಿಮಿಷ ಕಳೆದ ಮೇಲೆ ಹೂವಿನ ಕುಂಡ ಎತ್ತಿದಷ್ಟು ಹುಷಾರಾಗಿ ಎತ್ತಿ ಕೋಲಿನ ಕೆಳಗೆ ನಿಲ್ಲಿಸಿದ.

ಟಕ್!

"ಬೆಳೆದುಬಿಟ್ಳಲ್ಲ ಸರ್!" ಎಂದ ಕಾವಲಿನವನು ಕಣ್ಣರಳಿಸಿ.

"ನಮ್ಮ ವಂಶಾನೇ ಹಾಗೆ," ಎಂದ ಲೀಲಂಡ್.

ನಾಲ್ಕನೆಯ ಪಾರ್ಕಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ಮೂರು. ಹೇಳಿ ಮಾಡಿಸಿದಂತೆ ಗುಡುಗು, ಮಿಂಚು, ಧಾರಾಕಾರ ಮಳೆ! ಬೇಸಿಗೆಯಲ್ಲಿ ಆ ಊರಿಗೆ ದಿನಾ ಬರುವ ಅತಿಥಿ ಅದು. ಮಿಂಚಿದರೆ ಕೋಸ್ಟರು ಬಂದ್. ಜನರೆಲ್ಲ ಶಾಪ ಹಾಕುತ್ತ ಅಂಗಡಿಗಳಿಗೆ ನುಗ್ಗಿದರೆ ಲೀಲಂಡ್ ಒಬ್ಬನೇ ಕಾರಿನೊಳಗೆ ಕೈ ತಟ್ಟಿ ನಕ್ಕ. ಹಿಂದಿನ ಸೀಟನ್ನು ಬಿಡಿಸಿ ಮಗಳನ್ನು ಉದ್ದಕ್ಕೆ ಮಲಗಿಸಿದ. "ಒಂದು ಗಂಟೆ ಸುರೀಲಿ ದೇವರೇ!" ಎಂದು ಬೇಡಿಕೊಂಡ. ಒಂದೂಕಾಲು ಗಂಟೆ ಸುರಿಯಿತು. ಆ ಹೊತ್ತಿನಲ್ಲಿ ಕೊರಿನ್ ಮೂವರಿಗೆಂದು ತಂದಿದ್ದ ಸ್ಯಾಂಡ್‌ವಿಚ್ಚುಗಳಲ್ಲಿ ಎರಡು ಪಾಲನ್ನು ಅವನೇ ತಿಂದ.

"ಬೆಳೀತಿರೋದು ಅವಳಾ, ನೀನಾ?" ಎಂದಳು ಕೊರಿನ್.

"ಹೊರೋ ಎತ್ತಿಗೆ ಮೇವು ಬೇಡ್ವೇನೇ?"

ಮಳೆ ನಿಂತಿತು, ಕೋಲು ತಗುಲಿತು, 'ಚಂಡಮಾರುತ' ಸುತ್ತಿ ಸುತ್ತಿ ಬಿಸಾಡಿತು. ನಾಲ್ಕು ಮುಗಿದವು!

ಉಳಿದದ್ದು ಒಂದೇ. ಊರಿನಲ್ಲೆಲ್ಲ ಎತ್ತರದ, ಅದೇ ವರ್ಷ ಹೊಸ ಸೀಟು ಹಾಕಿಸಿಕೊಂಡಿದ್ದ 'ಬೋಳುತಲೆ ಹದ್ದು'. ಸಂಜೆ ಆರೂವರೆಗೆ ಲೀಲಂಡ್ ಮಗಳ ಭುಜ ಹಿಡಿದ, ಕೊರಿನ್ ಕಾಲು ಹಿಡಿದಳು. ಏಣಿ ಸಾಗಿಸುವವರಂತೆ ಇಬ್ಬರೂ ಪಾರ್ಕಿನ ಉದ್ದಕ್ಕೂ ಓಡಿದರು. ಅಷ್ಟು ಹೊತ್ತಿಗೆ ಕೊರಿನ್‌ಗೂ ಹುಚ್ಚು ಹತ್ತಿತ್ತು. "ದಾರಿ ಬಿಡಿ! ದಾರಿ ಬಿಡಿ!" ಎಂದು ಅವಳೇ ಜೋರಾಗಿ ಕೂಗುತ್ತಿದ್ದಳು.

ಕೋಲಿನ ಕೆಳಗೆ ಮೇವಿಸ್ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಬೆನ್ನು ಸೆಟೆದು ನಿಂತಳು. ಲೀಲಂಡ್ ತನ್ನ ಕಣ್ಣನ್ನೂ ಮುಚ್ಚಿಕೊಂಡ.

ಟಕ್!

ಮೂವರೂ ತಬ್ಬಿಕೊಂಡು ಕುಣಿದರು. ಕ್ಯೂನಲ್ಲಿದ್ದ ಅಪರಿಚಿತರೂ ಚಪ್ಪಾಳೆ ತಟ್ಟಿದರು. ಈ ಕೊನೆಯದನ್ನು ಹತ್ತಿರದಿಂದ ಫೋಟೊ ತೆಗೆಯಬೇಕೆಂದು ಕೊರಿನ್ ಕೋಸ್ಟರಿನ ರೈಲು ನಿಲ್ಲುವ ಕಟ್ಟೆಯವರೆಗೂ ಬಂದಳು. ಅಪ್ಪ, ಮಗಳು ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕುಳಿತರು. ಮೇವಿಸ್‌ಳ ಎದೆಯ ಮೇಲೆ ಕಬ್ಬಿಣದ ಪಟ್ಟಿ ಇಳಿಯಿತು. ಕ್ಲಿಕ್! ಹಸಿರು ದೀಪ.

ಲೀಲಂಡ್‌ನ ಪಟ್ಟಿ ಇಳಿಯಿತು. ಹೊಟ್ಟೆಯ ಮೇಲೆ ಕುಳಿತಿತು. ಕ್ಲಿಕ್ ಅನ್ನಲಿಲ್ಲ. ಕೆಂಪು ದೀಪ.

"ಸ್ವಲ್ಪ ಉಸಿರು ಒಳಗೆ ಎಳ್ಕೊಳ್ಳಿ ಸರ್," ಎಂದಳು ಕೆಲಸದ ಹುಡುಗಿ. ಎಳೆದುಕೊಂಡ. ಅವಳು ಒತ್ತಿದಳು. ಇನ್ನೊಬ್ಬ ಬಂದು ಒತ್ತಿದ. ಮೂರನೆಯವನು ಬಂದು ನೇತಾಡಿದ. ಹಿಂದಿನ ಸಾಲಿನವರು, "ಒಂದು... ಎರಡು... ಮೂರು!" ಎಂದು ಹುರಿದುಂಬಿಸಿದರು. ಟರ್ಕಿಯ ಕಾಲಾಗಲೀ ಚುರೋಗಳಾಗಲೀ ಸ್ಯಾಂಡ್‌ವಿಚ್ಚುಗಳಾಗಲೀ ಒಂದಿಂಚೂ ಅಲ್ಲಾಡಲಿಲ್ಲ.

"ಕ್ಷಮಿಸಿ ಸರ್. ಕ್ಲಿಕ್ ಆಗದೆ ಬಿಡೋ ಹಾಗಿಲ್ಲ. ಎಲ್ಲರಿಗೂ ಒಂದೇ ನಿಯಮ."

ಒಂದು ಕೂದಲೆಳೆಗಾಗಿ ಇಡೀ ದಿನ ಗುದ್ದಾಡಿದ ಅಪ್ಪ ಅಷ್ಟೂ ಜನರೆದುರು ಎದ್ದು ಕಟ್ಟೆಯ ಮೇಲೆ ನಿಂತ. ಅವನಿಗೆ ನಾಚಿಕೆಗಿಂತ ಹೆಚ್ಚು ಸಂಕಟವಾಯಿತು. ಪಕ್ಕದಲ್ಲೇ ಕೂರುತ್ತೇನೆಂದು ಕೊಟ್ಟ ಮಾತು! "ಕ್ಷಮಿಸು ಮೇವಿಸ್..." ಎಂದ.

ಆಗ ಕೊರಿನ್ ಮೂರೂ ಚೀಲಗಳನ್ನು ತೆಗೆದು ಅವನ ಕೊರಳಿಗೆ ಹಾಕಿದಳು. ಅವಳ ಮುಖ ಸುಣ್ಣದಂತೆ ಬಿಳಿಚಿತ್ತು. "ನೋಡ್ತಾ ನಿಲ್ಬೇಡ, ಫೋಟೊ ತೆಗಿ," ಎಂದವಳೇ ಅವನ ಜಾಗದಲ್ಲಿ ಕುಳಿತು ಕಣ್ಣು ಮುಚ್ಚಿದಳು. ಕ್ಲಿಕ್! ಹಸಿರು ದೀಪ.

ರೈಲು ಕದಲಿತು. ಮೇವಿಸ್ ಕೊರಳು ಹೊರಳಿಸಿ, ಕಟ್ಟೆಯ ಜನರಿಗೆಲ್ಲ ಕೇಳುವಂತೆ, ತುಂಬು ಕಾಳಜಿಯಿಂದ ಕೂಗಿದಳು:

"ಬೇಜಾರು ಮಾಡ್ಕೋಬೇಡ ಅಪ್ಪಾ! ಎಲ್ಲೂ ಮಲಗ್ಬೇಡ, ನಿಂತ್ಕೊಂಡೇ ಇರು! ನೀನೂ ಕುಗ್ತೀಯ!"