ಕವಳ ಹಾಕುವಷ್ಟು ಮೆತ್ತಗಿನ ಲಾರಿ

ದೊಡ್ಡ ಗಾಡಿ ಕಟ್ಟಿಕೊಂಡವರ ಬಾಳಿನಲ್ಲಿ ಒಂದು ನಗೆಪಾಟಲು ಮುಗಿಯುವುದರೊಳಗೆ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತದೆ. ನಮ್ಮ ಗಾಡಿ ಅಂದರೆ ಕಾರಲ್ಲ, ಹರಾಜಿನಲ್ಲಿ ಹಿಡಿದ ಹಳೆಯ ಭಾರೀ ಲಾರಿ. ಅದರ ಬೆನ್ನ ಮೇಲೊಂದು ಪೆಟ್ಟಿಗೆಯಂಥ ಮನೆ: ಮಂಚ, ಒಲೆ, ನೀರಿನ ಟಾಕಿ, ಪಾತ್ರೆಯ ಕಪಾಟು. ಅದರಲ್ಲೇ ನಾನೂ ನನ್ನ ಗಂಡನೂ ಕಛ್, ನೇಪಾಳ, ಲಡಾಖ್ ಎಲ್ಲ ಸುತ್ತಿದ್ದೇವೆ. ಗಾಡಿ ಹೊಡೆಯುವವಳು ನಾನು. ಎಡಗಡೆ ಸೀಟಿನಲ್ಲಿ ಕೂತು ದಾರಿ ತಪ್ಪಿಸುವುದು ಅವರ ಕೆಲಸ.

ಅವರ ಸೊಂಟ ಹಿಡಿದುಕೊಂಡಾಗಿನಿಂದ ಲಾರಿ ಶಿರಸಿಯ ನಮ್ಮ ಅಂಗಳದಲ್ಲೇ ನಿಂತಿದೆ. ಎತ್ತಿ ಕುಕ್ಕುವ ಗಾಡಿಯಲ್ಲಿ ಕೂರಬೇಡಿ ಎಂದರು ಡಾಕ್ಟರು. ದಿನಾ ಬೆಳಿಗ್ಗೆ ಚಹಾ ಹಿಡಿದು ನಾನು ಸ್ಟೇರಿಂಗಿನ ಹಿಂದೆ ಹೋಗಿ ಕೂರುತ್ತೇನೆ. ಮುಂದಿನ ಗಾಜಿನಲ್ಲಿ ಕಾಣುವುದು ಕಾಂಪೌಂಡಿನ ಗೋಡೆ. ಹಿಂದೊಮ್ಮೆ ಒಬ್ಬಳೇ ಹೋಗಿ ಮಂಗೋಲಿಯಾದ ಬಯಲು ನೋಡಿ ಬಂದ ಕಣ್ಣಿಗೆ ಆ ಗೋಡೆಯ ಪಾಚಿಯಲ್ಲೂ ದೇಶಗಳ ನಕಾಶೆ ಕಾಣತೊಡಗಿದಾಗ, ಇದು ಒಳ್ಳೆಯ ಲಕ್ಷಣವಲ್ಲ ಅನ್ನಿಸಿತು.

"ಇನ್ನೊಂದು ಸಲ ಲಡಾಖಿಗೆ ಹೋಪನ?" ಎಂದು ಕೇಳಿದೆ.

ಅವರು ಜಗಲಿಯಲ್ಲಿ ಕೂತು ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಹಚ್ಚುತ್ತಿದ್ದರು. "ಓಡೋ ಲಾರೀಲಿ ಕೂತ್ಗಂಡು ಅಡಿಕೆ ಕತ್ತರಿಸಿ, ಸುಣ್ಣ ಹಚ್ಚಿ, ಒಂದು ಕವಳ ಹಾಕುಲೆ ಬಂದ್ರೆ ಆನು ಬರ್ತೆ. ಇಲ್ಲದಿದ್ರೆ ಇಲ್ಲೆ. ನೀ ಹೋಗಿ ಬಾ."

ಒಬ್ಬಳೇ ಹೋಗಲು ನನಗೇನೂ ಹೆದರಿಕೆಯಿಲ್ಲ. ಅರ್ಧ ಆಯುಷ್ಯ ಒಬ್ಬಳೇ ತಿರುಗಿದವಳು. ಆದರೆ ಎಡಗಡೆಯ ಖಾಲಿ ಸೀಟು ನೋಡಿಕೊಂಡು ಈ ಲಾರಿ ಹೊಡೆಯುವುದು ಮಾತ್ರ ನನ್ನಿಂದಾಗದು.

ಕೈಸನ್ನೆ

ಆ ಸೀಟಿನ ಮೇಲೆ ನನಗೆ ಇನ್ನೊಂದು ಲೆಕ್ಕವೂ ಬಾಕಿಯಿತ್ತು. ನಮ್ಮ ಲಾರಿಯ ಎಂಜಿನ್ ಇರುವುದು ಇಬ್ಬರ ನಡುವೆ, ಮೊಣಕಾಲಿನ ಪಕ್ಕದಲ್ಲೇ. ಅದು ಶುರುವಾದರೆ ಮಾತು ಮುಗಿಯಿತು. ಹಾಗಾಗಿ ನಮ್ಮದೇ ಕೈಸನ್ನೆ ಬೆಳೆದಿತ್ತು. ಹೆಬ್ಬೆರಳು ಬಾಯಿಗೆ ಹೋದರೆ ಚಹಾ. ಅಂಗೈ ಕೆನ್ನೆಗೆ ಹೋದರೆ ನಿದ್ದೆ. ಹಣೆ ಬಡಿದುಕೊಂಡರೆ, ದಾರಿ ತಪ್ಪಿದೆ. ಊರಿಗೆ ಬಂದ ಮೇಲೂ ಅಭ್ಯಾಸ ಬಿಡಲಿಲ್ಲ. ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಎದುರುಬದುರು ಕೂತು ನಾವು ಕೈ ಆಡಿಸುವುದನ್ನು ನೋಡಿ, ಅಲ್ಲಿಯ ಅತ್ತಿಗೆಯೊಬ್ಬರು ನನ್ನನ್ನು ಒಳಗೆ ಕರೆದು ಕೇಳಿದರು: "ಇಬ್ರಿಗೂ ಮಾತು ಬಿಟ್ಟು ಹೋಯ್ದನೇ? ಎಂತ ಜಗಳ?"

ಲಡಾಖಿನಲ್ಲಿ ಒಂದು ದಿನ ಚಹಾದಂಗಡಿಯಿಂದ ಹೊರಟು ಬೆಟ್ಟದ ನಡುವಿನ ದೊಡ್ಡ ಕಣಿವೆದಾರಿಯೊಂದನ್ನು ಏರುತ್ತಿದ್ದೆವು. ಚಳಿಗೆ ಕಿಟಕಿಯ ಗಾಜು ಹೆಪ್ಪುಗಟ್ಟಿ ಮೇಲಕ್ಕೂ ಹೋಗದು, ಕೆಳಕ್ಕೂ ಇಳಿಯದು. ತುದಿ ಮುಟ್ಟಿದಾಗ ಕೆಳಗೆ ಪೂರ್ತಿ ಹಿಮ, ಮೇಲೆ ಪೂರ್ತಿ ನೀಲಿ. ಇವರು ನನ್ನ ಕಡೆ ತಿರುಗಿ ಏನನ್ನೋ ಉದ್ದಕ್ಕೆ ಹೇಳಿದರು. ಎಂಜಿನ್ನಿನ ಅಬ್ಬರದಲ್ಲಿ ನನಗೆ ಕಂಡದ್ದು ಗದ್ದ ಅಲ್ಲಾಡಿದ್ದು, ಜೊತೆಗೆ ಕಣ್ಣಲ್ಲಿ ನೀರು. ಮದುವೆಯಾದಾಗಿನಿಂದ ಈ ಮನುಷ್ಯನ ಕಣ್ಣಲ್ಲಿ ನೀರು ಕಂಡವಳಲ್ಲ ನಾನು. ನನ್ನ ಕಣ್ಣೂ ತುಂಬಿ ಬಂತು. ಅರ್ಥವಾಯಿತು ಎಂಬಂತೆ ತಲೆಯಾಡಿಸಿದೆ.

ಸಂಜೆ ಗಾಡಿ ನಿಲ್ಲಿಸಿದ ಮೇಲೆ ಕೇಳಿದೆ, "ಅಲ್ಲಿ ಮೇಲೆ ಎಂತ ಹೇಳಿದ್ದು?"

"ತಲೆ ಆಡಿಸಿದ್ಯಲೆ, ಇನ್ನೆಂತಕ್ಕೆ ಕೇಳ್ತೆ?" ಎಂದರು.

ಆಮೇಲೆ ಎಷ್ಟು ಸಲ ಕೇಳಿದರೂ ಅಷ್ಟೇ ಉತ್ತರ. ಒಂದು ಸಲ ಕ್ಯಾಬಿನ್ ನಿಶ್ಶಬ್ದವಾಗಿ, ಇವರು ಎಡಗಡೆ ಕೂತು, ಎದುರಿಗೆ ಅಂಥದೇ ಹಿಮ ಬಂದರೆ ಆ ಮಾತು ತಾನಾಗಿ ಹೊರಗೆ ಬಂದೀತೆಂಬ ಆಸೆ ನನ್ನದು. ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದೂ ಒಂದು ಮಾತಿಗಾಗಿ ಲಾರಿ ರಿಪೇರಿ ಮಾಡಿಸಬೇಕಾಗಿ ಬಂದದ್ದು ನಮ್ಮ ಮನೆಯಲ್ಲೇ ಇರಬೇಕು.

ಭಾರ

ಶಿರಸಿಯ ಗ್ಯಾರೇಜಿನ ಮಿಸ್ತ್ರಿ ಲಾರಿಯ ಅಡಿಗೆ ನುಗ್ಗಿ, ಎದ್ದು ಬಂದು, ಕೈ ಒರೆಸಿಕೊಂಡರು. "ಅಕ್ಕಾ, ಇದರ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ ಇದೆಯಲ್ಲ, ಅದು ಟನ್‌ಗಟ್ಟಲೆ ಸಾಮಾನು ಹೊರಲಿಕ್ಕೆ ಮಾಡಿದ್ದು. ನೀವು ಇಬ್ಬರೇ ಕೂತರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಖಾಲಿ ಗಾಡಿ ಕುಣಿಯುತ್ತದೆ. ಪಟ್ಟಿ ಕಡಿಮೆ ಮಾಡೋಣ. ಆದರೆ ಎಷ್ಟು ಭಾರಕ್ಕೆ ಎಷ್ಟು ಬಗ್ಗುತ್ತದೆ ನೋಡಬೇಕು. ಮರಳು ಹೇರಿ ತನ್ನಿ."

ಮರಳು ತರುವುದು ಎಲ್ಲಿಂದ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಅತ್ತಿಗೆ ಬೇಲಿಯಾಚೆಯಿಂದಲೇ ಪರಿಹಾರ ಹೇಳಿದರು. "ನಾಡಿದ್ದು ಭೈರುಂಬೆಲಿ ಮದುವೆ ಇದ್ದು. ದಿಬ್ಬಣಕ್ಕೆ ವ್ಯಾನು ಸಿಕ್ಕಿದ್ದಿಲ್ಲೆ. ನಿಂಗೆ ಬೇಕಾದ್ದು ಭಾರ ಅಲ್ದನೇ? ಎಂಗಳ ಮನೆ ಕಡೆಯವ್ರ ಗಾತ್ರ ನೀ ನೋಡಿದ್ದೆ ಅಲ್ದ?"

ಹೀಗೆ ಇಡೀ ದಿಬ್ಬಣ ನನ್ನ ಪೆಟ್ಟಿಗೆಮನೆ ಹತ್ತಿತು. ಮಂಚದ ಮೇಲೆ ಅಜ್ಜಿಯರು, ಒಲೆಯ ಕಟ್ಟೆಯ ಮೇಲೆ ಮಾವಂದಿರು, ಟಾಕಿಯ ಮೇಲೆ ಪುರೋಹಿತರು. ಮಿಸ್ತ್ರಿ ನನ್ನ ಪಕ್ಕ ಕೂತು ಒಂದೊಂದು ಹೊಂಡಕ್ಕೂ ಕಿವಿಕೊಟ್ಟರು. ಸಹಸ್ರಲಿಂಗದ ಕಡೆಯ ತಿರುವುಗಳಲ್ಲೂ ಲಾರಿ ದೋಣಿಯ ಹಾಗೆ ಹೋಯಿತು. ಮಿಸ್ತ್ರಿಗೆ ಬಹಳ ಖುಷಿಯಾಗಿ ಮದುವೆ ಮನೆಯಲ್ಲಿ ಊಟಕ್ಕೂ ಕೂತರು.

ಸಂಜೆ ಅದೇ ಜನ, ಅದೇ ದಾರಿ. ಅರ್ಧ ದಾರಿ ಬಂದ ಮೇಲೆ ಎಂಜಿನ್ ಆರಿಸಿ ಒಮ್ಮೆ ನಿಂತಾಗ ಮಿಸ್ತ್ರಿ ಸೀಟಿನ ಮೇಲೆ ಮೆಲ್ಲಗೆ ಕೈಯೊತ್ತಿ ನೋಡಿ ಹೇಳಿದರು: "ಅಕ್ಕಾ, ಹೋಗುವಾಗಿನದಕ್ಕಿಂತ ಬರುವಾಗ ಇನ್ನೂ ಮೆತ್ತಗಿದೆ. ಹೋಳಿಗೆ ಎಷ್ಟು ಬಡಿಸಿದರು ಅಂತ ಕೇಳಿಟ್ಟುಕೊಳ್ಳಬೇಕಿತ್ತು."

ಕಿಣಿಕಿಣಿ

ಪಟ್ಟಿ ಸರಿಹೋಯಿತು. ಕ್ಯಾಬಿನ್ನಿನ ಅಡಿಗೆ ಹೊಸ ರಬ್ಬರಿನ ಗಟ್ಟಿಗಳು ಬಂದವು. ಹಳೇ ಬಸ್ಸಿನಿಂದ ಬಿಚ್ಚಿದ, ಗಾಳಿಯ ಮೇಲೆ ತೇಲುವ ಸೀಟನ್ನು ಯಲ್ಲಾಪುರದಿಂದ ತಂದು ಕೂರಿಸಿದ್ದಾಯಿತು. ಇನ್ನು ಸದ್ದು. ಮಿಸ್ತ್ರಿ ಎಂಜಿನ್ನಿನ ಮುಚ್ಚಳಕ್ಕೆ ದಪ್ಪ ಕಂಬಳಿಯಂಥದ್ದನ್ನು ಹೊದಿಸಿದರು. ನೆಲಕ್ಕೆ ಡಾಂಬರಿನ ಹಾಳೆ ಅಂಟಿಸಿದರು. ಕಿಟಕಿಗಳಿಗೆ ಜೋಡಿ ಗಾಜು ಹಾಕಿ, ಸುತ್ತ ರಬ್ಬರು ತುಂಬಿ, ಒಂದು ಸೊಳ್ಳೆಯ ಹಾಡೂ ಒಳಗೆ ಬರದಂತೆ ಶಾಶ್ವತವಾಗಿ ಮುಚ್ಚಿದರು. ನಾನೇ ನಿಂತು ಮಾಡಿಸಿ, ಭೇಷ್ ಅಂದೆ.

ದೊಡ್ಡ ಸದ್ದು ಹೋದ ಮೇಲೆ ಇಷ್ಟು ದಿನ ಅದರ ಸೆರಗಿನಲ್ಲಿ ಅಡಗಿದ್ದ ಸಣ್ಣ ಸದ್ದುಗಳೆಲ್ಲ ಹೊರಗೆ ಬಂದವು. ಕಪಾಟಿನ ಲೋಟಗಳಿಗೆ ಬಟ್ಟೆ ಸುತ್ತಿದೆವು. ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟೆವು. ಆದರೂ ಒಂದು ಕಿಣಿಕಿಣಿ ಮಾತ್ರ ಉಳಿಯಿತು. ಸಿದ್ದಾಪುರದ ರಸ್ತೆಯಲ್ಲಿ ಬಿಳಗಿಯವರೆಗೂ ಓಡಿಸಿಕೊಂಡು ಹೋದೆವು. ಮಿಸ್ತ್ರಿ ಕ್ಯಾಬಿನ್ನಿನ ನೆಲದಲ್ಲಿ ಮಂಡಿಯೂರಿ, ಕಣ್ಣು ಮುಚ್ಚಿ, ಕಿವಿಯನ್ನು ಒಂದೊಂದು ತಗಡಿಗೂ ಆನಿಸಿದರು. ಗೇರ್ ಪೆಟ್ಟಿಗೆಯೇ ಇರಬೇಕು, ಬಿಚ್ಚಬೇಕು ಅಂದರು. ಅದನ್ನು ಬಿಚ್ಚಿದರೆ ಈ ವರ್ಷದ ಲಡಾಖ್ ಮುಗಿದಂತೆಯೇ.

"ಹೊರಗೆ ನಿಂತು ಕೇಳುತ್ತೇನೆ, ನೀವು ಒಂದು ಸುತ್ತು ಹೋಗಿ ಬನ್ನಿ" ಎಂದು ಇಳಿದರು. ನಾನು ಹೋಗಿ ಬಂದೆ. ಒಳಗೆ ಸ್ವರವೇ ಇಲ್ಲ. ಅವರು ಹತ್ತಿದರು, ಕಿಣಿಕಿಣಿ. ಇಳಿದರು, ಇಲ್ಲ. ಮತ್ತೆ ಹತ್ತಿದಾಗ ನಾನು ಅವರ ಸೊಂಟದ ಕಡೆ ನೋಡಿದೆ. ಗ್ಯಾರೇಜಿನ ಬೀಗದಕೈಗಳ ಗೊಂಚಲು ಅಲ್ಲಿ ತೂಗುತ್ತಿತ್ತು.

ಮಿಸ್ತ್ರಿ ಅದನ್ನು ಬಿಚ್ಚಿ ಗಂಭೀರವಾಗಿ ಜೇಬಿಗಿಟ್ಟುಕೊಂಡರು. "ಗೇರ್ ಪೆಟ್ಟಿಗೆ ಬೇಡ ಅಕ್ಕಾ. ರಿಪೇರಿ ಆಯಿತು."

ಪರೀಕ್ಷೆ

ಕೊನೆಗೆ ಆ ದಿನ ಬಂತು. ಇವರು ಕವಳದ ಸಂಚಿ ಹಿಡಿದು, ಸೊಂಟಕ್ಕೆ ಕೈಕೊಟ್ಟು, ಎಡಗಡೆಯ ಸೀಟು ಹತ್ತಿದರು. ನಾನು ಯಲ್ಲಾಪುರದ ರಸ್ತೆ ಹಿಡಿದೆ. ಪಕ್ಕದಲ್ಲಿ ಅಡಕತ್ತರಿಯ ಕಟುಂ ಎಂಬ ಸದ್ದು ಕೇಳಿಸಿತು. ಅಷ್ಟೂ ವರ್ಷಗಳಲ್ಲಿ ಈ ಕ್ಯಾಬಿನ್ನಿನಲ್ಲಿ ನಾನು ಕೇಳಿದ ಇವರ ಮೊದಲ ಸ್ವರ ಅದು.

ಹೊಂಡ ಬಂತು. ಸೀಟು ಒಮ್ಮೆ ಉಸಿರೆಳೆದುಕೊಂಡು ಕೆಳಗಿಳಿದು ಮೇಲೆ ಬಂತು. ಸುಣ್ಣದ ಬೆರಳು ಎಲೆಯ ಮೇಲಿಂದ ಕದಲಲಿಲ್ಲ. ಮಡಿಸಿದರು, ಬಾಯಿಗಿಟ್ಟರು. ಪಂಚೆಯ ಮೇಲೆ ಸುಣ್ಣದ ಒಂದು ಚುಕ್ಕೆಯಿಲ್ಲ.

"ಈಗ ಹೇಳಿ," ಎಂದೆ. ಕೂಗಲಿಲ್ಲ, ಮೆಲ್ಲಗೇ ಕೇಳಿದೆ. ಹಾಗೆ ಕೇಳಬಹುದಾಗಿತ್ತು. "ಬರ್ತಿರ, ಇಲ್ಯ?"

"ಉಂ ಉಂ."

"ಹೌದು ಹೇಳಿಯ, ಅಲ್ಲ ಹೇಳಿಯ?"

ಇವರು ಬಾಯಿ ಮೇಲಕ್ಕೆತ್ತಿ ಕಿಟಕಿಯ ಹಿಡಿಕೆಗಾಗಿ ತಡಕಿದರು. ಹಿಡಿಕೆ ಎಲ್ಲಿದೆ, ನಾನೇ ತೆಗೆಸಿದ್ದೆ. ಗಾಜು ಬಡಿದರು. ಜೋಡಿ ಗಾಜು, ಸದ್ದೇ ಇಲ್ಲ. ಕೆನ್ನೆ ಉಬ್ಬಿತು. ಹಿಂದೆ ಬಸ್ಸು, ಮುಂದೆ ತಿರುವು, ಎರಡೂ ಬದಿಗೆ ಕಾಡು ರಸ್ತೆಗೇ ಒರಗಿಕೊಂಡಿದೆ, ಇಷ್ಟು ದೊಡ್ಡ ಲಾರಿ ನಿಲ್ಲಿಸಲು ಜಾಗವಿಲ್ಲ. ಇವರು ಕೈಸನ್ನೆ ಶುರುಮಾಡಿದರು. ಚಹಾ ಅಲ್ಲ, ನಿದ್ದೆ ಅಲ್ಲ, ಹಣೆ ಬಡಿದುಕೊಂಡರು. "ದಾರಿ ತಪ್ಪಿದ್ದಿಲ್ಲೆ, ಇದು ಯಲ್ಲಾಪುರದ ರಸ್ತೆಯೇ" ಎಂದೆ. ಇನ್ನೂ ಜೋರಾಗಿ ಹಣೆ ಬಡಿದುಕೊಂಡರು. ತಿರುಗಿ ನೋಡಿದೆ. ಕಣ್ಣಲ್ಲಿ ನೀರು.

ಲಡಾಖಿನ ಅದೇ ಕಣ್ಣೀರು. ಅದೇ ಗದ್ದ.

ಬದಿಯಲ್ಲಿ ಜಾಗ ಸಿಕ್ಕಿದೊಡನೆ ನಿಲ್ಲಿಸಿದೆ. ಸೊಂಟ ನೋವಿನ ಮನುಷ್ಯ ಎಂದು ಯಾರೂ ಹೇಳದ ಹಾಗೆ ಹಾರಿ, ಗಿಡಗಳ ಮಧ್ಯೆ ಹೋಗಿ, ಬಾಯಿ ತೊಳೆದು ಬಂದರು. ಮೆಟ್ಟಿಲ ಮೇಲೆ ಕಾಲಿಟ್ಟು ಪಂಚೆಯ ತುದಿಯಿಂದ ಬಾಯಿ ಒರೆಸಿಕೊಂಡರು.

"ಆ ದಿನ ಕಣಿವೆಲೂ ಹೇಳಿದ್ದು ಇದನ್ನೇ," ಎಂದರು. "ಚಾದಂಗಡೀಲಿ ಹಾಕಿದ ಕವಳಕ್ಕೆ ಸುಣ್ಣ ಹೆಚ್ಚಾಗಿ ಬಾಯಿ ಬೆಂದು ಹೋಗ್ತಾ ಇದ್ದು, ಗಾಜು ಇಳೀತಿಲ್ಲೆ, ಒಂದ್ಸಲ ಗಾಡಿ ನಿಲ್ಸು ಮಾರಾಯ್ತಿ ಹೇಳಿ. ನೀ ತಲೆ ಆಡಿಸ್ದೆ, ಗಾಡಿ ನಿಲ್ಸಿದ್ದಿಲ್ಲೆ."

ಇಷ್ಟು ವರ್ಷ ನಾನು ಎದೆಯಲ್ಲಿ ಹೊತ್ತು ತಿರುಗಿದ ಮಾತು! ಕಷ್ಟಪಟ್ಟು ಕೇಳಿದೆ: "ಮತ್ತೆ ಅದನ್ನ ಮೊದಲೇ ಎಂತಕ್ಕೆ ಹೇಳಿದ್ದಿಲ್ಲೆ?"

"ಅವತ್ತು ನಿನ್ನ ಕಣ್ಣಲ್ಲೂ ನೀರು ಬಂದಿತ್ತು. ಹಾಳು ಮಾಡುದು ಬೇಡ ಹೇಳಿ ನುಂಗಿಬಿಟ್ಟೆ."

ಎಡಗಡೆಯ ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡು, ಸಂಚಿಯ ದಾರ ಬಿಗಿದರು. ಕ್ಯಾಬಿನ್ನಿನ ಆ ನಿಶ್ಶಬ್ದದಲ್ಲಿ ಒಂದೊಂದು ಅಕ್ಷರವೂ ನನಗೆ ಕೇಳಿಸಿತು.

"ಈ ಕಿಟಕಿಯೊಂದನ್ನ ಬಿಚ್ಚಿಸು. ಲಡಾಖಿನವರೆಗೂ ನುಂಗ್ತಾ ಬಪ್ಪುಲೆ ಎನ್ನ ಹತ್ರ ಆಗ್ತಿಲ್ಲೆ."