ಶಲ್ಯನ ಚಾವಟಿಯ ಹೆಸರು

ಕರ್ಣನ ಸಾರಥಿ ಶಲ್ಯನ ಚಾವಟಿಗೆ ‘ವಿದ್ಯುಲ್ಲತೆ’ ಎಂದು ಹೆಸರಿತ್ತು ಎಂಬ ಒಂದು ಸಾಲು ಬರೆಯದಿದ್ದರೆ ಮಹೇಶ್ವರ ಮಾಸ್ತರರ ಶನಿವಾರ ಸುಖವಾಗಿಯೇ ಕಳೆಯುತ್ತಿತ್ತು. ಬರೆದರು. ಲೇಖನ ಮಂಗಳೂರಿನ ಪತ್ರಿಕೆಗೆ ಹೋಯಿತು. ಅದು ಅಚ್ಚಾದರೆ ಹೈಸ್ಕೂಲಿನ ಕನ್ನಡ ಪಂಡಿತರ ಹುದ್ದೆ ತನಗೇ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೂ ಆಗಿತ್ತು. ಈಗ ಸಂಪಾದಕರ ಕಾರ್ಡು ಬಂದಿದೆ: “ಚಾವಟಿಯ ಹೆಸರಿಗೆ ಆಧಾರ ಗ್ರಂಥ ಯಾವುದು? ಪುಟ ಎಷ್ಟು? ಕೂಡಲೇ ತಿಳಿಸಿ.”

ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತು ಪಾತ್ರದ ಮಾತು, ಅಂದರೆ ಅರ್ಥ, ಹೇಳುವವರಿಗೆ ಈ ಕಷ್ಟವಿಲ್ಲ. ಎದುರಿನವನು ಮಾತಿನಲ್ಲಿ ಕಟ್ಟಿಹಾಕಿದರೆ “ಪುರಾಣದಲ್ಲೇ ಹೇಳಿದೆ!” ಎಂದು ಗುಡುಗಿದರಾಯಿತು, ಪುಟ ಕೇಳುವವರು ಯಾರು? ಆ ರೂಢಿಯಲ್ಲೇ ಪಳಗಿದ ಮಾಸ್ತರರಿಗೆ ಈ ಹೆಸರು ಎಲ್ಲಿ ಸಿಕ್ಕಿದ್ದೆಂದು ಎಷ್ಟು ತಲೆ ಕೆರೆದರೂ ನೆನಪಾಗಲಿಲ್ಲ. ಸೀತಾಂಗೋಳಿಯ ಕಿಟ್ಟಣ್ಣನ ಹೋಟೆಲಿಗೆ ಓಡಿದರು. ಕಿಟ್ಟಣ್ಣ ಊರ ತಾಳಮದ್ದಳೆಯ ಖಾಯಂ ಶಲ್ಯ. ಈಚೆಗೆ ಹೊಸದೊಂದು ಪುರಾಣಕೋಶವನ್ನೂ ತರಿಸಿದ್ದ.

“ಕೋಶ ಉಂಟು ಮಾಷ್ಟ್ರೇ, ಹಾಲಿನ ಪಾತ್ರೆಯ ಮುಚ್ಚಳದ ಮೇಲೆ. ತೆಗೀಬೇಡಿ, ಬೆಕ್ಕು ಕಾಯ್ತಾ ಉಂಟು.”

“ಒಂದು ನಿಮಿಷ ಮಾರಾಯ! ನನ್ನ ಹುದ್ದೆಯ ಪ್ರಶ್ನೆ!”

ಮಾಸ್ತರರು ಪುಟ ಮಗುಚುತ್ತಿದ್ದಂತೆ ಮುಚ್ಚಳ ಜಾರಿ ಬಿತ್ತು.

“ಸಿಕ್ಕಿತು!” ಎಂದು ಮಾಸ್ತರರು ಕುಣಿದರು.

“ಹಾಲು ಹೋಯ್ತು!” ಎಂದು ಕಿಟ್ಟಣ್ಣ ತಲೆಗೆ ಕೈಹೊತ್ತ.

ಅಷ್ಟರಲ್ಲಿ ಟಪಾಲು ಒಯ್ಯುವ ಕುಂಬಳೆಯ ಬಸ್ಸು ಹಾರ್ನ್ ಹಾಕಿತು. ಮಾಸ್ತರರು ಜೇಬಿನಿಂದ ಒಂದು ಕಾರ್ಡು ತೆಗೆದು ಕೋಶದ ಹೆಸರು, ಪುಟ ಎರಡನ್ನೂ ದಪ್ಪಕ್ಷರದಲ್ಲಿ ಗೀಚಿಕೊಟ್ಟರು. ಕಿಟ್ಟಣ್ಣ ಒಳ್ಳೆಯವನು, ಹಾಲು ಹೋದ ಸಿಟ್ಟಿನಲ್ಲೂ ಕಾರ್ಡು ಹಿಡಿದು ಬಸ್ಸಿನತ್ತ ಓಡಿದ.

ಮೂಲೆಯಲ್ಲಿ ಕರಿ ಚಾ ಕುಡಿಯುತ್ತಿದ್ದ ಸುಬ್ಬರಾಯ ಭಾಗವತರು ಕನ್ನಡಕ ಏರಿಸಿ ಕೋಶವನ್ನು ಹತ್ತಿರ ಎಳೆದುಕೊಂಡರು.

“ಕೆಳಗೆ ಸಣ್ಣ ಅಕ್ಷರದಲ್ಲಿ ಎಂತದೋ ಉಂಟಲ್ಲ ಮಾಷ್ಟ್ರೇ?”

“ಎಂತ ಉಂಟು?”

ಭಾಗವತರು ರಾಗವಾಗಿ ಓದಿದರು: “ಆಧಾರ: ಸೀತಾಂಗೋಳಿಯ ತಾಳಮದ್ದಳೆಯಲ್ಲಿ ಮಹೇಶ್ವರ ಮಾಸ್ತರರು ಹೇಳಿದ ಕರ್ಣನ ಅರ್ಥ. ಬೇರೆಲ್ಲೂ ಆಧಾರ ದೊರೆತಿಲ್ಲ.”

ಮಾಸ್ತರರಿಗೆ ಈಗ ಎಲ್ಲವೂ ನೆನಪಾಯಿತು. ಕಿಟ್ಟಣ್ಣನ ಶಲ್ಯ ಮಾತಿನಲ್ಲಿ ಕಟ್ಟಿಹಾಕಿದ ಆ ಹೊತ್ತಿನಲ್ಲಿ ಬೇರೇನೂ ತೋಚದೆ ಬಾಯಿಗೆ ಬಂದ ಹೆಸರು ಅದು! ಎದುರಿಗೆ ಕೂತು ಯಾರೋ ಪರವೂರಿನವರು ಅದನ್ನು ಬರೆದುಕೊಂಡದ್ದೂ ನೆನಪಾಯಿತು. ಅವತ್ತು ಎಷ್ಟು ಹಿಗ್ಗಿದ್ದರು!

“ಅಯ್ಯೋ, ಆ ಕಾರ್ಡು!” ಎಂದು ಅವರು ಬಾಗಿಲಿಗೆ ಹಾರಿದರೆ, ಕಿಟ್ಟಣ್ಣ ಏದುಸಿರು ಬಿಡುತ್ತ ಒಳಗೆ ಬಂದ.

“ಗಾಬರಿ ಬೇಡ ಮಾಷ್ಟ್ರೇ. ಬಸ್ಸು ಹೊರಟಾಗಿತ್ತು, ಓಡಿ ನಿಲ್ಲಿಸಿ ಕೊಟ್ಟೆ.”