ಸ್ಕ್ಯಾನಿನಲ್ಲೂ ತಪ್ಪು ಹಿಡಿದ ನಮ್ಮ ಮಾವ

ನಮ್ಮ ಸೋದರಮಾವನಿಗೆ ಒಂದು ಮದುವೆ ಕಾರ್ಡು ಕಳಿಸಿ ನೋಡಿ. ವಾರದೊಳಗೆ ಅದು ನಿಮಗೇ ವಾಪಸು ಬರುತ್ತದೆ, ತಪ್ಪುಗಳಿಗೆಲ್ಲ ಕೆಂಪು ಸುತ್ತು ಹಾಕಿಸಿಕೊಂಡು! ಅವರು ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಡ್ರಾಯಿಂಗ್ ಚೆಕರ್. ಬೇರೆಯವರು ಬರೆದ ಯಂತ್ರದ ನಕ್ಷೆಗಳಲ್ಲಿ ತಪ್ಪು ಹುಡುಕುವುದೇ ಕೆಲಸ. ಅದಕ್ಕೆ ಸಂಬಳವನ್ನೂ ಕೊಟ್ಟರೆ ಮನುಷ್ಯ ಕೆಡದೆ ಇರುತ್ತಾನೆಯೇ?

ನನ್ನ ಮದುವೆಗೆ ಬಂದ ಮಾವ ಅಕ್ಷತೆ ಹಾಕುವ ಮೊದಲು ಕೈಗಡಿಯಾರ ತೋರಿಸಿದರು. ಕಾರ್ಡಿನಲ್ಲಿ ಹತ್ತೂವರೆ ಎಂದಿದೆ, ತಾಳಿ ಕಟ್ಟಿದ್ದು ಏಳು ನಿಮಿಷ ತಡವಾಗಿ. ಅವರ ಲೆಕ್ಕದಲ್ಲಿ ನನ್ನ ಮದುವೆ ಇನ್ನೂ ಪಾಸಾಗಿಲ್ಲ! ಗ್ರಾಂಟ್ ರೋಡಿನ ಉಡುಪಿ ಹೋಟೆಲಿನವರು ನಮಗಿಂತ ಜಾಣರು. ಹೊಸ ಮೆನು ಅಚ್ಚಿಗೆ ಹೋಗುವ ಮೊದಲೇ ಕಾಫಿಯ ಜೊತೆ ಅವರ ಮುಂದಿಟ್ಟುಬಿಡುತ್ತಿದ್ದರು.

ಇಂಥವರಿಗೆ ಹೆಣ್ಣು ಕೊಡುವವರು ಯಾರು? ದಹಿಸರಿನ ಒಂದೇ ರೂಮಿನಲ್ಲಿ ಒಬ್ಬರೇ ಇದ್ದರು. ಭಾನುವಾರ ನಾನು ಹೋದರೆ ಅರ್ಧ ಗಂಟೆಗೆ ಮುಂದಿನ ಲೋಕಲ್ ರೈಲಿನ ಟೈಮು ಹೇಳಿ ಎಬ್ಬಿಸುತ್ತಿದ್ದರು. ಅವರಿಗೆ ಯಾರೂ ಬೇಡ ಎಂದೇ ನಾವೆಲ್ಲ ತಿಳಿದಿದ್ದೆವು.

ತೊಂಬತ್ತನೆಯ ಇಸವಿ ದಾಟಿದ ಮೇಲೆ ಅವರಿಗೆ ಗುದನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಗಿನ್ನೂ ಹೊಸದಾಗಿ ಬಂದಿದ್ದ ಎಂ.ಆರ್.ಐ. ಮಾಡಿಸೋಣ ಎಂದರು ಡಾಕ್ಟರು. ಲೋಹದ ಸಾಮಾನೆಲ್ಲ ತೆಗೆದಿಡಿ ಎಂದಾಗ ಮಾವನ ಜೇಬಿನಿಂದ ಒಂದು ಸ್ಟೀಲ್ ಸ್ಕೇಲು, ಎರಡು ಕೈವಾರ, ಅರ್ಧ ಬ್ಲೇಡು ಹೊರಬಂದವು. ಮುಕ್ಕಾಲು ಗಂಟೆ ಆ ಯಂತ್ರದ ಕೊಳವೆಯೊಳಗಿನ ಡಬಡಬ ಸದ್ದು ಕೇಳಿ ಬಂದವರು, ಒಳಗೆ ಎಲ್ಲೋ ಬೋಲ್ಟು ಸಡಿಲವಾಗಿದೆ, ನೋಡಿಸಿ ಎಂದು ಆಪರೇಟರಿಗೆ ಗಂಭೀರವಾಗಿ ಹೇಳಿದರು!

ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರೆ, ಅದೂ ಯಂತ್ರದ ನಕ್ಷೆಯೇ ಎಂಬಂತೆ ಸೆಕ್ಷನ್ ಎಲ್ಲಿ ಕತ್ತರಿಸಿದ್ದು, ಸ್ಕೇಲು ಎಷ್ಟು ಎಂದು ಇವರ ವಿಚಾರಣೆ. ಡಾಕ್ಟರು ನಕ್ಕು, ಒಂದು ಚಿತ್ರಕ್ಕೆ ಗುರುತು ಹಾಕಿ ವಿವರಿಸಿದರು. ಗಡ್ಡೆ ಕರುಳಿನ ಗೋಡೆ ದಾಟಿ ಸುತ್ತಲಿನ ಕೊಬ್ಬಿಗೆ ಇಳಿದಿದೆ. ಆಪರೇಷನ್ನಿನಲ್ಲಿ ತಾವು ಕತ್ತರಿಸಬೇಕಾದ ಅಂಚನ್ನು ಹೆಚ್ಚುಕಡಿಮೆ ಮುಟ್ಟಿದೆ. ಮೊದಲು ರೇಡಿಯೇಷನ್, ಆಮೇಲೆ ಮತ್ತೆ ಸ್ಕ್ಯಾನ್. ಗಡ್ಡೆ ಕುಗ್ಗಿ ಅಂಚಿನಿಂದ ಹಿಂದೆ ಸರಿದಿದ್ದರೆ ಮಾತ್ರ ಪೂರ್ತಿ ತೆಗೆಯುವ ಧೈರ್ಯ ಮಾಡಬಹುದು. ಮಾವ ಇದನ್ನು ಬಿಲ್ಡಿಂಗಿನವರಿಗೆ ವಿವರಿಸಿದ್ದು ಹೀಗೆ: ಬಾತ್‌ರೂಮಿನ ಲೀಕೇಜು ಪಕ್ಕದ ಫ್ಲ್ಯಾಟಿನ ಗೋಡೆಯ ತನಕ ಬಂದಿದೆ!

ಐದು ವಾರ ರೇಡಿಯೇಷನ್ನಿಗೆ ಒಬ್ಬರೇ ಹೋಗಿಬಂದರು. ಜೊತೆಗೆ ಬರುತ್ತೇನೆಂದರೆ ನನ್ನ ರಜೆ ಹಾಳು ಎಂದು ಗದರಿದರು. ಎರಡನೆಯ ಸ್ಕ್ಯಾನಿನ ಫಿಲ್ಮು ಕೈಗೆ ಬಂದದ್ದು ಒಂದು ಶನಿವಾರ. ಡಾಕ್ಟರು ಸಿಗುವುದು ಸೋಮವಾರ. ಆ ಮಧ್ಯಾಹ್ನ ನಾನು ಕೆಲಸ ಮಾಡುವ ಬ್ಯಾಂಕಿಗೆ ಫೋನ್ ಮಾಡಿ ಬಾ ಎಂದರು. ಅವರಾಗಿ ಕರೆದದ್ದು ಅದೇ ಮೊದಲು.

ಹೋದೆ. ಲಕೋಟೆ ಒಡೆಯದೆ ಮೇಜಿನ ಮೇಲಿತ್ತು.

"ನೀನು ನೋಡು," ಎಂದರು.

"ನಂಗೇನು ಗೊತ್ತಾಗತ್ತೆ ಮಾವ? ನೀವೇ ನೋಡಿ."

"ನಂದು ನಾನೇ ಚೆಕ್ ಮಾಡೋ ಹಾಗಿಲ್ಲ ಕಣೋ. ನಮ್ ಲೈನಲ್ಲಿ ಅದು ರೂಲು. ಇನ್ನೊಬ್ರು ನೋಡ್ಬೇಕು." ಲಕೋಟೆಯನ್ನು ನನ್ನ ಕಡೆ ಸರಿಸಿ ಹೇಳಿದರು, "ಇನ್ನೊಬ್ರು ಅಂತ ನಂಗಿರೋದು ನೀನೊಬ್ನೇ."

ಲಕೋಟೆ ಒಡೆದು, ಹಳೆಯದು ಹೊಸದು ಎರಡೂ ಫಿಲ್ಮುಗಳನ್ನು ಕಿಟಕಿಗೆ ಹಿಡಿದೆ. ಡಾಕ್ಟರು ಗುರುತು ಹಾಕಿದ್ದ ಚಿತ್ರಕ್ಕೆ ಜೋಡಿಯಾದದ್ದನ್ನು ಹುಡುಕಿದೆ. ಮಾವ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಮೊದಲು ಹುಣಿಸೆಬೀಜದಷ್ಟಿದ್ದ ಬೂದು ಕಲೆ ಈಗ ತೊಗರಿಬೇಳೆಯಷ್ಟಿತ್ತು. ಬ್ಯಾಂಕಿನ ಗುಮಾಸ್ತನ ಕಣ್ಣಿಗೂ ಅಷ್ಟು ಕಂಡಿತು.

"ಸಣ್ಣದಾಗಿದೆ ಮಾವ. ಅಂಚಿಂದ ದೂರ ಬಂದಿದೆ."

ಅವರು ತಿರುಗಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು. ಸೋಮವಾರ ಡಾಕ್ಟರೂ ಅದನ್ನೇ ಹೇಳಿ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಆದರೆ ಆ ಶನಿವಾರ ನನ್ನ ಮಾತೊಂದೇ ಅವರಿಗೆ ಸಾಕಾಯಿತು. ಉಂಡುಕೊಂಡು ಹೋಗು ಎಂದು ಅನ್ನ, ಸಾರು ಮಾಡಿದರು. ಮನೆಯಲ್ಲಿದ್ದದ್ದು ಒಂದೇ ತಟ್ಟೆ. ಅದನ್ನು ನನಗೆ ಕೊಟ್ಟು, ತಾವು ಪಾತ್ರೆಯ ಮುಚ್ಚಳದಲ್ಲಿ ಬಡಿಸಿಕೊಂಡರು.

ಇಷ್ಟು ವರ್ಷ ಅರ್ಧ ಗಂಟೆಗೇ ಏಕೆ ಎದ್ದುಬಂದೆ ಎಂದು ಸಂಕಟವಾಯಿತು.

"ಸ್ಟೇಷನ್ ಹತ್ರ ಇನ್ನೊಂದು ತಟ್ಟೆ ತಗೋಬೇಕು ಕಣೋ," ಎಂದರು ಮಾವ.